ನೆರಳು, ಕಲ್ಲು ಮತ್ತು ಹಿಟ್ಟಿನ ಮುದ್ದೆ: ದುಖಾನಿನಲ್ಲಿ ಭೂಮಿಯ ಪಾಠ



"ಇಲ್ಲಿ ಏನಿದೆ? ಬರೀ ಮರಳು, ಬಿಸಿಲು" ಎಂದು ನಾವು ದುಖಾನಿನ ಬಗ್ಗೆ ಎಷ್ಟೋ ಸಲ ಹೇಳುತ್ತೇವೆ. ಆದರೆ ಭೂಮಿ ಮತ್ತು ಆಕಾಶದ ಪಾಠ ಕಲಿಯುವವರಿಗೆ ಬೇಕಾದದ್ದು ಇವೇ ಅಲ್ಲವೇ? ಮೋಡವಿಲ್ಲದ ಆಕಾಶ, ಗಿಡಮರಗಳು ಮುಚ್ಚದ ನೆಲ. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದನ್ನು ಕೈಯಿಂದಲೇ ಅಳೆದು ನೋಡಲು ಮೂರು ಚಟುವಟಿಕೆಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಚಟುವಟಿಕೆ 1: ಅಜ್ಜನ ನೆರಳು, ನಮ್ಮ ನೆರಳು

ಬೇಕಾದ ಸಾಮಗ್ರಿಗಳು: 1 ಮೀಟರ್ ಉದ್ದದ ನೇರವಾದ ಕೋಲು, ಅಳತೆಪಟ್ಟಿ, ದಾರ, ಒಂದು ಕಬ್ಬಿಣದ ನಟ್ಟು, ಸೀಮೆಸುಣ್ಣ, ಕೋನಮಾಪಕ. ಜೊತೆಗೆ, ಊರಿನಲ್ಲಿರುವ ಅಜ್ಜ, ಅಜ್ಜಿ ಅಥವಾ ಮಾವನಿಗೆ ಒಂದು ಫೋನ್ ಕರೆ.

ಮಾಡುವ ವಿಧಾನ: ಮಾರ್ಚ್ 20 ಅಥವಾ 21ರಂದು, ಅಂದರೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗಿರುವಾಗ, ಸಮತಟ್ಟಾದ ಜಾಗದಲ್ಲಿ ಕೋಲನ್ನು ನೆಡಿ. ದಾರಕ್ಕೆ ನಟ್ಟು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟರೆ ಕೋಲು ನೆಟ್ಟಗಿದೆಯೋ ವಾಲಿದೆಯೋ ತಿಳಿಯುತ್ತದೆ. ಬೆಳಿಗ್ಗೆ 11.20ರಿಂದ 12.05ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ. ಅತಿ ಚಿಕ್ಕ ನೆರಳು ಬಿದ್ದ ಹೊತ್ತೇ ನಮ್ಮ ನಿಜವಾದ ನಡುಮಧ್ಯಾಹ್ನ. ಸೂರ್ಯನನ್ನು ಮಾತ್ರ ಬರಿಗಣ್ಣಿನಿಂದ ನೋಡಬೇಡಿ.

ಮೊದಲ ಅಚ್ಚರಿ ಇಲ್ಲೇ ಇದೆ. ಗಡಿಯಾರದಲ್ಲಿ ಇನ್ನೂ 12 ಆಗಿರುವುದಿಲ್ಲ, ಸುಮಾರು 11.44 ಆಗಿರುತ್ತದೆ! ಕತಾರಿನ ಗಡಿಯಾರ 45 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ, ದುಖಾನ್ ಇರುವುದು ಅದಕ್ಕಿಂತ ಪೂರ್ವಕ್ಕೆ. ಬೆಂಗಳೂರಿನಲ್ಲಿ ಇದು ತಿರುವುಮುರುವು. ಭಾರತದ ಗಡಿಯಾರದ ರೇಖೆ 82.5 ಡಿಗ್ರಿ, ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕೆ. ಆದ್ದರಿಂದ ಅಲ್ಲಿಯ ನಡುಮಧ್ಯಾಹ್ನ ಅಲ್ಲಿಯ ಗಡಿಯಾರದಲ್ಲಿ ಸುಮಾರು 12.27ಕ್ಕೆ.

ಅದೇ ದಿನ ಬೆಂಗಳೂರಿನ ಅಜ್ಜನೂ ತಾರಸಿಯ ಮೇಲೆ 1 ಮೀಟರ್ ಕೋಲು ನಿಲ್ಲಿಸಿ, ಭಾರತದ ಸಮಯ 12.05ರಿಂದ 12.50ರವರೆಗೆ ಹೀಗೆಯೇ ಅಳೆಯಲಿ. ನಮಗಿಂತ ಸುಮಾರು ಒಂದೂಮುಕ್ಕಾಲು ಗಂಟೆ ಮೊದಲೇ ಅವರಿಗೆ ನಡುಮಧ್ಯಾಹ್ನವಾಗುತ್ತದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಲೆಕ್ಕ: ಸರಿಯಾಗಿ ಅಳೆದರೆ ದುಖಾನಿನ ನೆರಳು ಸುಮಾರು 47 ಸೆಂಟಿಮೀಟರ್, ಬೆಂಗಳೂರಿನದು ಸುಮಾರು 23 ಸೆಂಟಿಮೀಟರ್. ಹಾಳೆಯ ಮೇಲೆ 10 ಸೆಂಟಿಮೀಟರ್ ಉದ್ದದ ನೆಟ್ಟನೆಯ ಗೆರೆ ಎಳೆಯಿರಿ, ಅದು ಕೋಲು. ಅದರ ಬುಡದಿಂದ ಲಂಬವಾಗಿ 4.7 ಸೆಂಟಿಮೀಟರ್ ಗೆರೆ, ಅದು ನೆರಳು. ಎರಡರ ತುದಿ ಸೇರಿಸಿ, ಮೇಲಿನ ಕೋನ ಅಳೆಯಿರಿ. ಸುಮಾರು 25 ಡಿಗ್ರಿ ಬರುತ್ತದೆ. ಅಟ್ಲಾಸ್ ತೆರೆದು ನೋಡಿ, ದುಖಾನಿನ ಅಕ್ಷಾಂಶವೂ ಸುಮಾರು ಅಷ್ಟೇ! ಬೆಂಗಳೂರಿಗೆ 13 ಡಿಗ್ರಿ ಬರುತ್ತದೆ. ವ್ಯತ್ಯಾಸ 12 ಡಿಗ್ರಿ, ಅಂದರೆ ಇಡೀ ವೃತ್ತದ ಮೂವತ್ತನೇ ಒಂದು ಭಾಗ. ನಕಾಶೆಯಲ್ಲಿ ಎರಡೂ ಊರುಗಳ ಉತ್ತರ-ದಕ್ಷಿಣ ಅಂತರ ಮಾತ್ರ ಅಳೆದರೆ ಸುಮಾರು 1,380 ಕಿಲೋಮೀಟರ್. ಅದನ್ನು 30ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ 41,400 ಕಿಲೋಮೀಟರ್. ನಿಜವಾದದ್ದು ಸುಮಾರು 40,000. ಒಂದು ಕೋಲು, ಒಂದು ಫೋನ್ ಕರೆಯಿಂದ ಇಷ್ಟು ಹತ್ತಿರ ಬಂದೆವು! ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಎರಾಟೋಸ್ತನೀಸ್ ಎಂಬ ವಿದ್ವಾಂಸನು ನೆರಳಿನಿಂದಲೇ ಭೂಮಿಯನ್ನು ಅಳೆದನು.

ಒಂದು ಮಾತು. ನಾವು ಇದನ್ನು ಮಾಡಿದಾಗ ಒಂದು ಗುಂಪಿನ ಮಕ್ಕಳಿಗೆ 52 ಸೆಂಟಿಮೀಟರ್ ಬಂತು. ಪಕ್ಕದ ಗುಂಪಿನ 47 ನೋಡಿ, ಅವರು ಸದ್ದಿಲ್ಲದೆ ರಬ್ಬರ್ ಕೈಗೆತ್ತಿಕೊಂಡರು. "ಅಳಿಸಬೇಡಿ, ಏಕೆ ಹಾಗೆ ಬಂತೆಂದು ಹುಡುಕಿ" ಎಂದೆವು. ನಟ್ಟು ಕಟ್ಟಿದ ದಾರ ಹಿಡಿದು ನೋಡಿದರೆ ಕೋಲು ಉತ್ತರಕ್ಕೆ ವಾಲಿತ್ತು. ಅಂದು ಎಲ್ಲರಿಗಿಂತ ಹೆಚ್ಚು ಕಲಿತವರು ಆ ಗುಂಪಿನವರೇ. ಪುಸ್ತಕದ ಉತ್ತರಕ್ಕೆ ಹೊಂದಿಸಲು ಅಂಕಿ ತಿದ್ದುವುದು ವಿಜ್ಞಾನವಲ್ಲ.

ಚಟುವಟಿಕೆ 2: ಕಲ್ಲಿಗೆ ವಿನೆಗರ್

ದುಖಾನಿನ ಉತ್ತರಕ್ಕಿರುವ ಝಿಕ್ರೀತ್‌ನಲ್ಲಿ ಅಣಬೆಯಂತೆ ನಿಂತ ಬಂಡೆಗಳನ್ನು ನೀವು ನೋಡಿರಬಹುದು. ಅವು ಸುಣ್ಣದ ಕಲ್ಲಿನವು. ಗಾಳಿ, ಮರಳು ಮತ್ತು ನೀರು ಸವೆಸಿ ಆ ರೂಪ ಬಂದಿದೆ. ಅವನ್ನು ಒಡೆಯಬೇಡಿ. ದಾರಿಬದಿಯಲ್ಲಿ ಬಿದ್ದ ಒಂದು ಬಿಳಿ ಕಲ್ಲಿನ ಚೂರು, ಸಮುದ್ರತೀರದ ಒಂದು ಚಿಪ್ಪು, ಅಡುಗೆಮನೆಯ ಮೊಟ್ಟೆಯ ಸಿಪ್ಪೆ ಸಾಕು. ಮೂರನ್ನೂ ಪುಡಿಮಾಡಿ ಬೇರೆ ಬೇರೆ ಬಟ್ಟಲಿಗೆ ಹಾಕಿ, ವಿನೆಗರ್ ಸುರಿಯಿರಿ. ಗುಳ್ಳೆಗಳು ಏಳುತ್ತವೆ. ಮೂರರಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ. ಹೊರಬರುವುದು ಇಂಗಾಲದ ಡೈಆಕ್ಸೈಡ್. ನಾವು ನಡೆದಾಡುವ ಈ ನೆಲ ಒಂದು ಕಾಲದಲ್ಲಿ ಸಮುದ್ರದ ತಳವಾಗಿತ್ತು!

ರಜೆಯಲ್ಲಿ ಊರಿಗೆ ಹೋದಾಗ ಮನೆ ಕಟ್ಟುವಲ್ಲಿ ಬಿದ್ದ ಒಂದು ಗ್ರಾನೈಟ್ ಜಲ್ಲಿಕಲ್ಲು ತನ್ನಿ. ಅದು ವಿನೆಗರ್‌ನಲ್ಲಿ ಸುಮ್ಮನೆ ಕೂತಿರುತ್ತದೆ. ಕತಾರಿನ ಮೇಲ್ಮೈಯ ಸುಣ್ಣದ ಕಲ್ಲು ಬಹುಪಾಲು 4-5 ಕೋಟಿ ವರ್ಷ ಹಳೆಯದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ.

ಚಟುವಟಿಕೆ 3: ಹಿಟ್ಟಿನ ಪದರ, ಎಣ್ಣೆಯ ಗುಟ್ಟು

ಚಪಾತಿ ಹಿಟ್ಟನ್ನು ಎರಡು ಪಾಲು ಮಾಡಿ, ಒಂದಕ್ಕೆ ಅರಿಸಿನ ಸೇರಿಸಿ. ಲಟ್ಟಿಸಿ, ಒಂದರ ಮೇಲೊಂದು ನಾಲ್ಕು ಪದರ ಇಡಿ. ಎರಡೂ ಬದಿಯಿಂದ ಮೆಲ್ಲನೆ ಒತ್ತಿದರೆ ನಡುಭಾಗ ಕಮಾನಿನಂತೆ ಮೇಲೇಳುತ್ತದೆ. ದುಖಾನಿನ ಕೆಳಗೂ ಬಂಡೆಯ ಪದರಗಳು ಹೀಗೆ ಉದ್ದಕ್ಕೆ ಕಮಾನಾಗಿವೆ. ಈಗ ನೀರು ತುಂಬಿದ ಪಾತ್ರೆಯಲ್ಲಿ ಒಂದು ಗಾಜಿನ ಬಟ್ಟಲನ್ನು ಬೋರಲಾಗಿ ಮುಳುಗಿಸಿ, ಅದರಡಿಯಲ್ಲಿ ಸ್ಟ್ರಾ ಮೂಲಕ ಸ್ವಲ್ಪ ಅಡುಗೆ ಎಣ್ಣೆ ಬಿಡಿ. ಎಣ್ಣೆ ಮೇಲೇರಿ ಬಟ್ಟಲಿನ ಎತ್ತರದ ಭಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ನೆಲದೊಳಗಿನ ತೈಲವೂ ಹೀಗೆಯೇ ಬಂಡೆಯ ಸಣ್ಣ ರಂಧ್ರಗಳಲ್ಲಿ ಮೇಲೇರಿ, ಬಿಗಿಯಾದ ಪದರ ತಡೆದಲ್ಲಿ ನಿಲ್ಲುತ್ತದೆ. ಇಲ್ಲಿ 1938ರಲ್ಲಿ ಮೊದಲ ಬಾವಿ ಕೊರೆಯಲು ಆರಂಭಿಸಿದರು. ಮಹಾಯುದ್ಧದಿಂದ ಕೆಲಸ ನಿಂತು, 1949ರ ಕೊನೆಯಲ್ಲಿ ಮೊದಲ ತೈಲ ಹಡಗೇರಿತು. ನಮ್ಮಲ್ಲಿ ಅನೇಕರ ತಂದೆಯವರು ಈ ಊರಿಗೆ ಬರಲು ಕಾರಣವೇ ಆ ಕಮಾನು.

ಪೋಷಕರೇ, ಈ ಚಟುವಟಿಕೆಗಳಿಗೆ ಖರ್ಚು ಇಲ್ಲವೆಂದೇ ಹೇಳಬಹುದು. ಬೇಕಾದದ್ದು ನಿಮ್ಮ ಒಂದು ಶುಕ್ರವಾರ ಮಾತ್ರ. ಮಕ್ಕಳು ತಪ್ಪು ಅಳೆದರೆ ಗದರಬೇಡಿ, ಜೊತೆಗೆ ಕೂತು ಮತ್ತೊಮ್ಮೆ ಅಳೆಯಿರಿ. ಊರಿನಲ್ಲಿರುವ ಅಜ್ಜನಿಗೂ ಮೊಮ್ಮಗಳು "ಊಟ ಆಯ್ತಾ?" ಎಂದಷ್ಟೇ ಕೇಳದೆ "ಅಜ್ಜಾ, ನಿಮ್ಮ ನೆರಳು ಎಷ್ಟು?" ಎಂದು ಕೇಳಿದರೆ ಎಷ್ಟು ಸಂತೋಷವಾಗಬಹುದು!