ದಿನದ ಧಮ್ಮ ಚಿಂತನೆ: ಕಟುಕನ ಮಗನಿಗಾಗಿ ಅತ್ತವಳು



ಧಮ್ಮ ಬಂಧುಗಳೇ, ಇಂದು ಬರೆಯುವ ಸರದಿ ನನ್ನದು. ಪಟಿಚ್ಚ ಸಮುಪ್ಪಾದದ ಬಗ್ಗೆ ಬರೆಯುತ್ತೇನೆಂದು ಕಳೆದ ವಾರ ಒಪ್ಪಿಕೊಂಡಿದ್ದೆ. ಅದನ್ನೇ ಬರೆಯುತ್ತಿದ್ದೇನೆ, ಆದರೆ ಕೊರಿಯಾದ ಪ್ರೇಮದ ಧಾರಾವಾಹಿಗಳನ್ನು ಹಿಡಿದುಕೊಂಡು. ನಗಬೇಡಿ, ಪೂರ್ತಿ ಓದಿ.

ಈ ಬೇಸಿಗೆಯವರೆಗೂ ನಾನು ಅವನ್ನು ನೋಡಿದವಳಲ್ಲ. ಮಗಳು ರಾತ್ರಿ ಚಾದರದೊಳಗೆ ಮೊಬೈಲ್ ಹಿಡಿದು ಒಬ್ಬಳೇ ನಗುವುದು, ಮೂಗು ಒರೆಸಿಕೊಳ್ಳುವುದು ಕಂಡು ಬೈಯುತ್ತಿದ್ದೆ. ಒಂದು ದಿನ ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು, "ಯವ್ವಾ, ಮೊದ್ಲ ನೋಡು, ಆಮ್ಯಾಲ ಬೈ" ಅಂದಳು.

ಮೊದಲು ನೋಡಿದ್ದು 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು'. 2019ರ ಕೊನೆಗೆ ಶುರುವಾಗಿ 2020ರಲ್ಲಿ ಮುಗಿದ 16 ಕಂತುಗಳ ಕಥೆ. ದಕ್ಷಿಣ ಕೊರಿಯಾದ ಸಾಹುಕಾರರ ಮಗಳು ಪ್ಯಾರಾಗ್ಲೈಡಿಂಗ್ ಮಾಡುವಾಗ ಬಿರುಗಾಳಿಗೆ ಸಿಕ್ಕಿ ಉತ್ತರ ಕೊರಿಯಾದಲ್ಲಿ ಬೀಳುತ್ತಾಳೆ. ಅಲ್ಲಿನ ಸೈನ್ಯದ ಕ್ಯಾಪ್ಟನ್ ಅವಳನ್ನು ಬಚ್ಚಿಟ್ಟು ಕಾಪಾಡುತ್ತಾನೆ. ನಮ್ಮ ಸಿನಿಮಾ ಆಗಿದ್ದರೆ ಅರ್ಧ ಗಂಟೆಯಲ್ಲಿ ಎರಡು ಹಾಡು ಮುಗಿದಿರುತ್ತಿದ್ದವು. ಇಲ್ಲಿ ಒಬ್ಬರನ್ನೊಬ್ಬರು ನೋಡುವುದಕ್ಕೇ ಎಷ್ಟೋ ಕಂತು ಬೇಕು. ಕತ್ತಲಾದ ಸಂತೆಯಲ್ಲಿ ಅವಳು ದಾರಿ ತಪ್ಪಿ ನಿಂತಾಗ ಅವನು ಒಂದು ಮೇಣದಬತ್ತಿ ಎತ್ತಿ ಹಿಡಿದು ಬರುತ್ತಾನೆ. ಅಷ್ಟೇ. ಅಷ್ಟಕ್ಕೇ ನನ್ನ ಎದೆ ಮೆತ್ತಗಾಯಿತು. ಗಂಡಸು ಹೆಂಗಸಿಗೆ ಅಡುಗೆ ಮಾಡಿ ಬಡಿಸುವುದನ್ನು ಇಷ್ಟು ನಿಧಾನವಾಗಿ ತೋರಿಸಿದ್ದನ್ನು ನಾನು ಬೇರೆ ಕಡೆ ಕಂಡಿರಲಿಲ್ಲ. (ಈ ಧಾರಾವಾಹಿಗಳಲ್ಲಿ ಮಾತೆತ್ತಿದರೆ ಹಸಿರು ಬಾಟಲಿಯ ಸೋಜು. 22 ಪ್ರತಿಜ್ಞೆ ಸ್ವೀಕರಿಸಿದ ನಮಗೆ ಅದೊಂದು ಮಾತ್ರ ನುಂಗಲು ಕಷ್ಟ.)

ಮೂರು ರಾತ್ರಿ ನಿದ್ದೆ ಬಿಟ್ಟೆ. ಎರಡು ದಿನ ಬೆಳಗಿನ ವಂದನೆ ತಪ್ಪಿತು. ಆಗ ಗಮನಿಸಿದೆ: ಪ್ರತಿ ಕಂತೂ ಸರಿಯಾಗಿ ಬಾಗಿಲು ತೆರೆಯುವ ಹೊತ್ತಿಗೆ, ಕೈ ಹಿಡಿಯುವ ಹೊತ್ತಿಗೆ ನಿಲ್ಲುತ್ತದೆ. ಪರದೆಯ ಮೂಲೆಯಲ್ಲಿ ಮುಂದಿನ ಕಂತಿನ ಎಣಿಕೆ ಶುರುವಾಗುತ್ತದೆ. ಭಗವಾನರು ಹೇಳಿದ ಸರಪಳಿ ಅಲ್ಲೇ ಇತ್ತು. ಕಣ್ಣಿಗೆ ಚಿತ್ರ ತಾಗಿದ್ದು ಫಸ್ಸ. ಎದೆ ಮೆತ್ತಗಾದದ್ದು ವೇದನಾ. 'ಇನ್ನೊಂದೇ ಕಂತು' ಅಂದದ್ದು ತಣ್ಹಾ. ವೇದನೆಗೂ ತಣ್ಹಾಕ್ಕೂ ನಡುವೆ ಕೆಲವೇ ಸೆಕೆಂಡು. ಆ ಸೆಕೆಂಡುಗಳಲ್ಲಿ ಎಚ್ಚರವಾಗಿರುವುದೇ ಅಭ್ಯಾಸ ಎಂದು ಬರೆದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಮಗಳು ಇನ್ನೊಂದನ್ನು ಹಾಕಿದಳು.

ಅದು 2018ರ 'ಮಿಸ್ಟರ್ ಸನ್‌ಶೈನ್', 24 ಕಂತು. ಜಪಾನ್ ಕೊರಿಯಾವನ್ನು ನುಂಗಲು ಹೊರಟ ಕಾಲ. ನಾಯಕ ಗುಲಾಮರ ಮಗ. ಒಡೆಯರು ಅವನ ತಂದೆಯನ್ನು ಕೊಂದ ಮೇಲೆ ಓಡಿಹೋಗಿ, ಅಮೆರಿಕದ ಸೇನಾಧಿಕಾರಿಯಾಗಿ ಮರಳುತ್ತಾನೆ. ನಾಯಕಿ ದೊಡ್ಡ ಮನೆತನದವಳು, ದೇಶಕ್ಕಾಗಿ ಬಂದೂಕು ಹಿಡಿದವಳು. ತಾನು ಹುಟ್ಟಿದ್ದು ಗುಲಾಮನಾಗಿ ಎಂದು ಅವನು ಹೇಳಿದಾಗ ಅವಳ ಮುಖ ಬಿಳಿಚಿಕೊಳ್ಳುತ್ತದೆ. ನೀನು ಉಳಿಸಬೇಕೆಂದಿರುವ ದೇಶದಲ್ಲಿ ಕಟುಕನಿಗೆ, ಗುಲಾಮನಿಗೆ ಜಾಗವಿದೆಯೇ ಎಂದು ಅವನು ಕೇಳುತ್ತಾನೆ. ನಾನು ಅಲ್ಲೇ ನಿಲ್ಲಿಸಲು ಹೇಳಿದೆ. 1931ರಲ್ಲಿ ಮುಂಬೈಯಲ್ಲಿ ಬಾಬಾಸಾಹೇಬರು ಗಾಂಧೀಜಿಯವರ ಎದುರು ಕೂತು ತಮಗೆ ತಾಯ್ನಾಡಿಲ್ಲ ಎಂದದ್ದು ನೆನಪಾಯಿತು.

ಅದರಲ್ಲಿ ಇನ್ನೊಬ್ಬನಿದ್ದಾನೆ, ಗೂ ಡಾಂಗ್-ಮೇ. ಕಟುಕನ ಮಗ. ಜನ ಅಟ್ಟಿಸಿಕೊಂಡು ಬಂದಾಗ ಹುಡುಗಿಯಾಗಿದ್ದ ನಾಯಕಿ ಅವನನ್ನು ತನ್ನ ಪಲ್ಲಕ್ಕಿಯಲ್ಲಿ ಬಚ್ಚಿಡುತ್ತಾಳೆ. ಅವನು ತನ್ನ ರಕ್ತದ ಕೈಯನ್ನು ಅವಳ ಲಂಗಕ್ಕೆ ಒರೆಸುತ್ತಾನೆ. ಆ ಒಂದು ದೃಶ್ಯದಲ್ಲಿ ಉಪಕಾರವೂ ಇದೆ, ಸಿಟ್ಟೂ ಇದೆ.

ಅವನಂಥವರು ಯಾರೆಂದು ಆಮೇಲೆ ಓದಿ ತಿಳಿದುಕೊಂಡೆ. ಜೋಸನ್ ರಾಜ್ಯದಲ್ಲಿ ದನ ಕೊಯ್ಯುವವರು, ತೊಗಲು ಹದ ಮಾಡುವವರು, ಬುಟ್ಟಿ ಹೆಣೆಯುವವರನ್ನು ಬೇಕ್‌ಜಾಂಗ್ ಎನ್ನುತ್ತಿದ್ದರು. ಅವರಿಗೆ ಬೇರೆ ಕೇರಿ. ಉಳಿದವರಂತೆ ಕರಿಯ ಟೋಪಿ ಹಾಕುವಂತಿಲ್ಲ. ಪರರ ಮಕ್ಕಳಿಗೂ ತಲೆ ಬಾಗಬೇಕು. 1894ರ ಸುಧಾರಣೆಯಲ್ಲಿ ಇದೆಲ್ಲ ಕಾಗದದ ಮೇಲೆ ರದ್ದಾಯಿತು, ಊರಲ್ಲಿ ಆಗಲಿಲ್ಲ. ಅವರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಲಿಲ್ಲ. ಕೊನೆಗೆ 1923ರ ಏಪ್ರಿಲ್‌ನಲ್ಲಿ ಜಿಂಜು ಪಟ್ಟಣದಲ್ಲಿ ಅವರು ಸಂಘ ಕಟ್ಟಿದರು, ಹ್ಯೊಂಗ್‌ಪ್ಯೊಂಗ್‌ಸಾ. ತಕ್ಕಡಿಯಂತೆ ಸಮನಾದ ಸಮಾಜ ಎಂದು ಆ ಹೆಸರಿನ ಅರ್ಥ. ಮಾಂಸ ತೂಗುವ ತಕ್ಕಡಿಯನ್ನೇ ಬಾವುಟ ಮಾಡಿಕೊಂಡಂತೆ! ಅದರ ಹಿಂದಿನ ವರ್ಷ ಜಪಾನಿನಲ್ಲಿ ಬುರಾಕು ಜನ ಸುಯಿಹೇಶಾ ಕಟ್ಟಿದ್ದರು. ಮರುವರ್ಷ, 1924ರಲ್ಲಿ, ಬಾಬಾಸಾಹೇಬರ ಬಹಿಷ್ಕೃತ ಹಿತಕಾರಿಣಿ ಸಭೆ. ಒಂದೇ ಹೊತ್ತಿನಲ್ಲಿ ಮೂರು ದೇಶಗಳಲ್ಲಿ ನಮ್ಮಂಥವರು ಎದ್ದು ನಿಂತಿದ್ದರು. ಜೋಸನ್ ಕಾಲದಲ್ಲಿ ಬೌದ್ಧ ಭಿಕ್ಖುಗಳನ್ನೂ ಕೀಳು ಜನರ ಸಾಲಿಗೆ ಸೇರಿಸಿ, 1895ರವರೆಗೆ ರಾಜಧಾನಿಯೊಳಗೆ ಬಿಡುತ್ತಿರಲಿಲ್ಲ ಎಂಬುದನ್ನೂ ಓದಿದೆ. ಬೌದ್ಧರನ್ನೂ ಅಸ್ಪೃಶ್ಯರನ್ನೂ ಒಂದೇ ಕಡೆ ತಳ್ಳುವುದು ನಮ್ಮ ನಾಡಿನ ಕಥೆ ಮಾತ್ರವಲ್ಲ.

ಆ ಧಾರಾವಾಹಿಯ ಮೇಲೆ ನನ್ನದೊಂದು ತಕರಾರು ಇದೆ. ಗುಲಾಮನ ಮಗನೂ ಕಟುಕನ ಮಗನೂ ಕೊನೆಗೆ ಸಾಯುತ್ತಾರೆ. ಕೀಳು ಕುಲದವನು ದೊಡ್ಡವರ ಮಗಳಿಗಾಗಿ ಸತ್ತರೆ ಎಲ್ಲರಿಗೂ ಇಷ್ಟ, ಅವಳನ್ನು ಮದುವೆಯಾಗಿ ಸಂಸಾರ ಮಾಡಿದರೆ ಕಥೆಗಾರರಿಗೂ ಕಷ್ಟ. ಆದರೂ ಡಾಂಗ್-ಮೇ ಸತ್ತ ರಾತ್ರಿ ನಾನು ಸೆರಗು ಬಾಯಿಗಿಟ್ಟು ಅತ್ತೆ.

ಮಗಳು ಟಿವಿ ಆರಿಸಿದಳು. "ಆ ಕೊರಿಯಾದ ಕಟುಕನ ಮಗನಿಗೆ ಇಷ್ಟು ಅಳ್ತಿ. ಇಲ್ಲಿ ಚಪ್ಪಲಿ ಹೊಲಿಯೋರ ಮಗ ನಮ್ಮ ಹೊಸ್ತಿಲು ತುಳಿದ್ರ ನಿನ್ನ ಮಾರಿ ಯಾಕ ಸಣ್ಣದಾಗ್ತದ, ಯವ್ವಾ?"

ಕಳೆದ ಬುದ್ಧ ಪೂರ್ಣಿಮೆಯ ದಿನ ಅವಳು ಆ ಹುಡುಗನ ವಿಷಯ ಹೇಳಿದ್ದಳು. ಓದಿದವನು, ಕೆಲಸದಲ್ಲಿರುವವನು, ವಿಹಾರಕ್ಕೂ ಬರುವವನು. ನಾನು ಅಂದದ್ದು ಇಷ್ಟೇ: "ಹುಡುಗ ಛಲೋ ಇದ್ದಾನ, ಆದ್ರ ನಮ್ಮವರಲ್ಲ." ಎಡಗೈ, ಬಲಗೈ ಎಂಬ ಮಾತನ್ನು ಬಾಯಿಬಿಟ್ಟು ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ಪಡಸಾಲೆಯಲ್ಲಿ ಬಾಬಾಸಾಹೇಬರ ಫೋಟೋ ಇತ್ತು. 1936ರ 'ಜಾತಿ ವಿನಾಶ'ದಲ್ಲಿ ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದು ಅವರು ಬರೆದ ಭಾಗವನ್ನು ನಮ್ಮ ವೃತ್ತದಲ್ಲಿ ಎರಡು ಸಲ ವಿವರಿಸಿದವಳು ನಾನೇ.

ಆ ರಾತ್ರಿ ನಿದ್ದೆ ಬರಲಿಲ್ಲ, ಈ ಸಲ ಧಾರಾವಾಹಿಗಾಗಿ ಅಲ್ಲ. ಆ ಕೇರಿಯ ಹೆಸರು ಕಿವಿಗೆ ಬಿದ್ದಾಗ ಎದೆಯಲ್ಲಿ ಏನೋ ಹಿಂದಕ್ಕೆ ಸರಿದಿತ್ತಲ್ಲ, ಅದೂ ವೇದನೆಯೇ. ಅದು ನಾನು ಹುಟ್ಟುವ ಮೊದಲಿನದು. ನಮ್ಮಜ್ಜಿಯನ್ನು ಊರ ಬಾವಿಯ ಹತ್ತಿರ ಬಿಡುತ್ತಿರಲಿಲ್ಲ. ಅದೇ ಅಜ್ಜಿ ಆ ಕೇರಿಯವರ ಮನೆಯ ನೀರು ಮುಟ್ಟುತ್ತಿರಲಿಲ್ಲ. ಮುಂದಿನ ಕಂತಿನ ಎಣಿಕೆ ಕಂಡಾಗ ಎಚ್ಚರವಾಗಿರಲು ಕಲಿತ ನಾನು, 'ನಮ್ಮವರಲ್ಲ' ಎನ್ನುವ ಮೊದಲಿನ ಆ ಕೆಲವು ಸೆಕೆಂಡುಗಳನ್ನು ನೋಡಿಯೇ ಇರಲಿಲ್ಲ. ಪ್ರೇಮಿಗಳನ್ನು ಬೇರೆ ಮಾಡಲು ಹಣದ ಲಕೋಟೆ ಕೊಡುವ ಅಮ್ಮಂದಿರು ಈ ಧಾರಾವಾಹಿಗಳಲ್ಲಿ ಬರುತ್ತಾರೆ. ಅವರನ್ನು ಜೋರಾಗಿಯೇ ಬೈದಿದ್ದೆ.

ಬೆಳಿಗ್ಗೆ ಮಗಳಿಗೆ ಹೇಳಿದೆ, ಬರುವ ಭಾನುವಾರ ವಂದನೆಯಾದ ಮೇಲೆ ಹುಡುಗನನ್ನೂ ಅವನ ಅವ್ವ-ಅಪ್ಪನನ್ನೂ ಊಟಕ್ಕೆ ಕರೆ ಅಂತ. ಅವಳು ಒಮ್ಮೆಲೇ ಹಿಗ್ಗಲಿಲ್ಲ. "ನೀ ಅಂದದ್ದು ಅವರಿಗೂ ಗೊತ್ತೈತಿ" ಅಂದಳು. ಹಾಗಾದರೆ ನಾನೇ ಹೋಗಿ ಕರೆಯಬೇಕು. ಇವತ್ತು ಸಂಜೆ ಹೋಗುತ್ತಿದ್ದೇನೆ. ಅವರ ಮನೆಯಲ್ಲಿ ಮೊದಲು ನೀರು ಕುಡಿದು, ಆಮೇಲೆ ಮಾತು.

ಜೈ ಭೀಮ್.