ಆರೋಗ್ಯ ಪ್ರಶ್ನೋತ್ತರ: ಪರದೆಯ ಮೈ, ನಮ್ಮ ಮೈ

ನಾನು ಪ್ರಾಕ್ಟೀಸ್ ಶುರು ಮಾಡಿದ ದಿನಗಳಲ್ಲಿ ರೋಗಿಗಳು ‘ಇಲ್ಲಿ ನೋವು ಡಾಕ್ಟ್ರೇ’ ಎಂದು ತಮ್ಮ ಮೈಮೇಲೆ ಬೆರಳಿಡುತ್ತಿದ್ದರು. ಈಗ ಬರುವ ಎಷ್ಟೋ ಹುಡುಗ ಹುಡುಗಿಯರು ಫೋನ್ ತೆಗೆದು ಇನ್ಯಾರದೋ ಫೋಟೊ ಮೇಲೆ ಬೆರಳಿಡುತ್ತಾರೆ: ‘ಹೀಗಾಗಬೇಕು.’ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದೇ ಬೆರಳಿನ ಕಥೆ. ಆರನ್ನು ಆರಿಸಿಕೊಂಡಿದ್ದೇನೆ. ಗುರುತು ಸಿಗದಂತೆ ಊರು ಮತ್ತು ಕೆಲವು ವಿವರ ಬದಲಿಸಿದ್ದೇನೆ.

ಪ್ರಶ್ನೆ: ಮಗಳಿಗೆ 15 ವರ್ಷ, ಹತ್ತನೇ ತರಗತಿ. ನಾಲ್ಕು ತಿಂಗಳಿಂದ ಅನ್ನ ಮುಟ್ಟಿಲ್ಲ. ಬೆಳಿಗ್ಗೆ ಒಂದು ಸೇಬು, ರಾತ್ರಿ ಅರ್ಧ ಚಪಾತಿ. 48 ಕೆ.ಜಿ. ಇದ್ದವಳು 39ಕ್ಕೆ ಇಳಿದಿದ್ದಾಳೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಆದರೂ ‘ನನ್ನ ತೊಡೆ ದಪ್ಪ’ ಎಂದು ಅಳುತ್ತಾಳೆ. ಕೈಯಲ್ಲಿ ಸದಾ ರೀಲ್ಸ್. ನೆಂಟರೆಲ್ಲ ‘ಎಷ್ಟು ಚೆನ್ನಾಗಿ ಸಣ್ಣ ಆಗಿದ್ದಾಳೆ’ ಎನ್ನುತ್ತಾರೆ. ಇದು ವಯಸ್ಸಿನ ಹುಚ್ಚೋ, ಕಾಯಿಲೆಯೋ?
– ತಾಯಿ, ಹಾಸನ

ಉತ್ತರ: ಇದನ್ನು ಕಾಯಿಲೆ ಎಂದೇ ಹಿಡಿಯಿರಿ, ಈ ವಾರವೇ ವೈದ್ಯರಿಗೆ ತೋರಿಸಿ. ಮೈತೂಕದ ಐದನೇ ಒಂದು ಪಾಲಿನಷ್ಟು ಹೋಗಿದೆ, ಮುಟ್ಟು ನಿಂತಿದೆ. ಇಷ್ಟಾದರೂ ದಪ್ಪ ಎಂಬ ನಂಬಿಕೆ ಕರಗಿಲ್ಲ. ನೀವು ಬರೆದ ಚಿತ್ರ ಅನೊರೆಕ್ಸಿಯಾ ನರ್ವೋಸಾ ಎಂಬ ಆಹಾರ ಸಂಬಂಧಿ ಮಾನಸಿಕ ಕಾಯಿಲೆಗೆ ಹೊಂದುತ್ತದೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ ಕೂಡ ತೂಕ ಇಳಿಸುವುದರಿಂದ ಅವನ್ನೂ ಪರೀಕ್ಷಿಸಬೇಕು. ನಾಡಿ, ರಕ್ತದೊತ್ತಡ, ಹಿಮೋಗ್ಲೋಬಿನ್, ಪೊಟ್ಯಾಸಿಯಂ ನೋಡಬೇಕು. ತಲೆಸುತ್ತಿ ಬಿದ್ದರೆ, ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿದರೆ, ಊಟದ ನಂತರ ಬಚ್ಚಲಿಗೆ ಹೋಗಿ ವಾಂತಿ ಮಾಡುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮೂಳೆ ಗಟ್ಟಿಯಾಗುವ ವಯಸ್ಸಿದು. ಈಗ ತಪ್ಪಿದ ಸುಣ್ಣದಂಶವನ್ನು ಮುಂದೆ ಪೂರ್ತಿ ತುಂಬಿಕೊಡಲು ಆಗದು. ಹಾಗೆಂದು ಇವತ್ತೇ ತಟ್ಟೆ ತುಂಬ ಬಡಿಸಿ ಬಲವಂತ ಮಾಡಬೇಡಿ. ಬಹಳ ದಿನ ಅರೆಹೊಟ್ಟೆಯಲ್ಲಿದ್ದ ದೇಹಕ್ಕೆ ಒಮ್ಮೆಲೇ ಊಟ ಸುರಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯ. ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು.

ನಿಮ್ಮ ನೆಂಟರ ಮಾತಿಗೆ ಬರುತ್ತೇನೆ. ನನ್ನ ಅಜ್ಜಿ ರಜೆಗೆ ಬಂದ ಮೊಮ್ಮಕ್ಕಳನ್ನು ಹೊಸ್ತಿಲಲ್ಲೇ ನಿಲ್ಲಿಸಿ, ‘ಯಾಕೋ ಇಷ್ಟು ಸಣ್ಣ ಆಗಿದ್ದೀಯ, ಸೊರಗಿ ಹೋಗಿದ್ದೀಯಲ್ಲೋ’ ಎನ್ನುತ್ತಿದ್ದಳು. ಆ ‘ಸಣ್ಣ’ದಲ್ಲಿ ಇದ್ದದ್ದು ಆತಂಕ. ಈಗ ಅದೇ ‘ಸಣ್ಣ’ ಹೊಗಳಿಕೆ. ಪದ ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು. ಫಿಜಿ ದ್ವೀಪದಲ್ಲೂ ತುಂಬಿದ ಮೈಯೇ ಚೆಂದ, ಸೊರಗಿದರೆ ಊರಿಗೆಲ್ಲ ಚಿಂತೆ ಎಂಬ ರೂಢಿಯಿತ್ತು. ಅಲ್ಲಿನ ನಡ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ಹಾರ್ವರ್ಡ್‌ನ ಸಂಶೋಧಕಿ ಆ್ಯನ್ ಬೆಕರ್ ಆಗಲೇ ಶಾಲಾ ಹುಡುಗಿಯರ ಊಟದ ಅಭ್ಯಾಸ ವಿಚಾರಿಸಿದ್ದರು, ಮೂರು ವರ್ಷದ ನಂತರ ಮತ್ತೆ ವಿಚಾರಿಸಿದರು. ತೂಕ ಇಳಿಸಲು ವಾಂತಿ ಮಾಡುತ್ತೇವೆ ಎಂದವರು ಮೊದಲ ಸಲ ಒಬ್ಬರೂ ಇರಲಿಲ್ಲ. 1998ರಲ್ಲಿ ಶೇ 11ರಷ್ಟು ಹುಡುಗಿಯರು ಹಾಗೆ ಹೇಳಿದರು. ಟಿವಿಗೆ ಮೂರು ವರ್ಷ ಸಾಕಾಯಿತು. ನಿಮ್ಮ ಮಗಳ ಕೈಯಲ್ಲಿರುವುದು ಅವಳು ಯಾವುದರ ಮೇಲೆ ಎಷ್ಟು ಹೊತ್ತು ನಿಂತಳೆಂದು ಲೆಕ್ಕವಿಟ್ಟು ಅದನ್ನೇ ಮತ್ತಷ್ಟು ಬಡಿಸುವ ಪರದೆ.

ಮನೆಯಲ್ಲಿ ಮಾಡಬೇಕಾದದ್ದು: ದಿನಕ್ಕೆ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕೂತು ಒಂದೇ ಅಡುಗೆ ಊಟ ಮಾಡಿ. ಊಟದ ಹೊತ್ತಿಗೆ ತೂಕದ ಮಾತು ಬೇಡ. ಅವಳೆದುರು ನೀವೂ ‘ಅಯ್ಯೋ, ನಾನು ಎಷ್ಟು ದಪ್ಪ’ ಎಂದು ಕನ್ನಡಿ ಮುಂದೆ ನಿಲ್ಲುವುದನ್ನು ಬಿಡಿ. ನೆಂಟರ ಬಾಯಿಗೆ ಬೀಗ ಹಾಕುವುದು ನಿಮ್ಮ ಕೆಲಸ. ಫೋನ್ ಕಸಿದುಕೊಂಡರೆ ಜಗಳವಷ್ಟೇ ಉಳಿಯುತ್ತದೆ. ಹೊತ್ತು ಕಡಿಮೆ ಮಾಡಿಸಿ. 2023ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ 17ರಿಂದ 25 ವರ್ಷದವರು ಮೂರು ವಾರ ಸಾಮಾಜಿಕ ಜಾಲತಾಣವನ್ನು ದಿನಕ್ಕೆ ಒಂದು ಗಂಟೆಗೆ ಇಳಿಸಿದ್ದಕ್ಕೇ ತಮ್ಮ ರೂಪದ ಬಗ್ಗೆ ಅವರಿಗಿದ್ದ ಅಸಮಾಧಾನ ತಗ್ಗಿತ್ತು. ಮನೋವೈದ್ಯರು ಹತ್ತಿರದಲ್ಲಿ ಇಲ್ಲದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಪ್ರಶ್ನೆ: ನನಗೆ 24. ಗಂಡು ನೋಡುತ್ತಿದ್ದಾರೆ. ಗೆಳತಿ ಹೇಳಿದ ಟ್ಯೂಬ್ ಒಂದನ್ನು ಮೆಡಿಕಲ್ ಶಾಪ್‌ನಿಂದ ತಂದು ಆರು ತಿಂಗಳು ಹಚ್ಚಿದೆ. ಮೊದಲ ತಿಂಗಳಲ್ಲೇ ಬೆಳ್ಳಗಾದೆ. ಈಗ ಬಿಸಿಲಿಗೆ ಹೋದರೆ ಮುಖ ಉರಿ, ಕೆಂಪು, ಮೊಡವೆ, ಗಲ್ಲದ ಮೇಲೆ ಕೂದಲು. ನಿಲ್ಲಿಸಿದರೆ ಇನ್ನೂ ಜಾಸ್ತಿ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಟ್ಯೂಬಿನ ಹಿಂಭಾಗದ ಸಣ್ಣ ಅಕ್ಷರ ಓದಿ. ಬೀಟಾಮೆಥಸೋನ್, ಮೊಮೆಟಾಸೋನ್, ಕ್ಲೊಬೆಟಸೋಲ್ – ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ಜೊತೆಗೆ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಸೇರಿರುವುದೂ ಉಂಟು. ಚರ್ಮರೋಗಕ್ಕೆ ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುವ ಔಷಧ ಇದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ ಒಳಗಿನ ರಕ್ತನಾಳಗಳು ಕಾಣತೊಡಗುತ್ತವೆ, ನೀವು ಬರೆದ ಲಕ್ಷಣಗಳೆಲ್ಲ ಬರುತ್ತವೆ. ನಿಲ್ಲಿಸಿದಾಗ ಉರಿ ಹೆಚ್ಚುವುದು ಚರ್ಮ ಅದಕ್ಕೆ ಒಗ್ಗಿಹೋದ ಗುರುತು. ಅಲ್ಲೇ ಹೆಚ್ಚಿನವರು ಸೋತು ಮತ್ತೆ ಹಚ್ಚುತ್ತಾರೆ. ನೀವು ಹಚ್ಚಬೇಡಿ. ಚರ್ಮವೈದ್ಯರನ್ನು ಕಾಣಿ, ಉರಿ ತಗ್ಗಿಸುವ ಬೇರೆ ಔಷಧ ಕೊಟ್ಟು, ಬೇಕಾದರೆ ಹಂತಹಂತವಾಗಿ ಬಿಡಿಸುತ್ತಾರೆ. ಅಲ್ಲಿಯವರೆಗೆ ಸಾದಾ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಛತ್ರಿ ಸಾಕು. ನಿಂಬೆರಸ, ಸ್ಕ್ರಬ್, ಬ್ಲೀಚ್ ಬೇಡ. ಪೂರ್ತಿ ಗುಣವಾಗಲು ತಿಂಗಳುಗಳೇ ಬೇಕು.

ಲೇಬಲ್ಲೇ ಇಲ್ಲದ, ಎಲ್ಲಿ ತಯಾರಾಯಿತೆಂದು ಗೊತ್ತಿಲ್ಲದ ಕ್ರೀಮ್ ಇನ್ನೂ ಅಪಾಯ. ಕೆಲವಲ್ಲಿ ಪಾದರಸ ಇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರ ನಡುವೆ ಮೂತ್ರದಲ್ಲಿ ಪ್ರೋಟೀನ್ ಸೋರುವ ಮೂತ್ರಪಿಂಡದ ಕಾಯಿಲೆಯೊಂದಿಗೆ ಬಂದ ಹಲವರನ್ನು ವಿಚಾರಿಸಿದಾಗ ಸಿಕ್ಕ ಸಮಾನ ಎಳೆ ಇಂಥ ಬಿಳುಪಿನ ಕ್ರೀಮ್. ನಿಮಗೆ ಮುಖ ಅಥವಾ ಕಾಲು ಊದಿಕೊಂಡರೆ, ಮೂತ್ರ ನೊರೆಯಾದರೆ ತಡಮಾಡದೆ ಮೂತ್ರ ಪರೀಕ್ಷೆ ಮಾಡಿಸಿ.

ಇನ್ನು ಬಣ್ಣದ ಮಾತು. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಿಂದ ‘ಫೇರ್’ ಕಳಚಿ ‘ಗ್ಲೋ’ ಆದದ್ದು 2020ರಲ್ಲಿ. ಕಪ್ಪಗಿರುವವರನ್ನು ಪೆಚ್ಚುಮೋರೆಯವರಂತೆ, ಸೋತವರಂತೆ ತೋರಿಸಬಾರದೆಂದು ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಮಂಡಳಿ 2014ರಲ್ಲೇ ಹೇಳಿತ್ತು. ಜಾಹೀರಾತು ನಾಲಗೆ ತಿದ್ದಿಕೊಂಡಿತು, ನಮ್ಮ ಪಡಸಾಲೆ ತಿದ್ದಿಕೊಂಡಿಲ್ಲ. ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಎನ್ನುತ್ತೇವಲ್ಲ, ವಿಷವೆಲ್ಲ ಇರುವುದು ಆ ‘ರೂ’ ಎಂಬ ಒಂದಕ್ಷರದಲ್ಲಿ. ಲಕ್ಷಣ ಎಂಬ ಒಳ್ಳೆಯ ಪದಕ್ಕೆ ಮೈಬಣ್ಣದ ಹಂಗಿಲ್ಲ. ನೋಡಲು ಬರುವವರಿಗೆ ಚರ್ಮ ಸುಟ್ಟುಕೊಂಡು ತೋರಿಸಬೇಕಾದ ಸಾಲ ನಿಮಗೇನೂ ಇಲ್ಲ.

ಪ್ರಶ್ನೆ: ನನಗೆ 20, ತೂಕ 58 ಕೆ.ಜಿ. ಒಂದು ವರ್ಷದಿಂದ ಜಿಮ್‌ಗೆ ಹೋದರೂ ಸಿಕ್ಸ್‌ಪ್ಯಾಕ್ ಬಂದಿಲ್ಲ. ಜಿಮ್‌ನಲ್ಲಿ ಒಬ್ಬರು ‘ಒಂದು ಸೈಕಲ್ ಇಂಜೆಕ್ಷನ್ ತಗೋ, ಮೂರು ತಿಂಗಳಲ್ಲಿ ಹೀರೊ ಬಾಡಿ’ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ?
– ಪದವಿ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಬೇಡ. ‘ಸೈಕಲ್’ ಎಂದರೆ ಅನಬಾಲಿಕ್ ಸ್ಟೀರಾಯ್ಡ್, ಅಂದರೆ ಟೆಸ್ಟೋಸ್ಟಿರೋನ್ ಮತ್ತದರ ಬಳಗ. ಹೊರಗಿನಿಂದ ಬಂದು ಬೀಳುವಾಗ ನಿಮ್ಮ ವೃಷಣಗಳು ತಮ್ಮ ಕೆಲಸ ನಿಲ್ಲಿಸುತ್ತವೆ. ಕುಗ್ಗುತ್ತವೆ, ವೀರ್ಯಾಣು ಇಳಿಯುತ್ತವೆ, ಎದೆ ಹೆಂಗಸರಂತೆ ಬೆಳೆಯಬಹುದು. ಒಳ್ಳೆಯ ಕೊಲೆಸ್ಟ್ರಾಲ್ ಕುಸಿಯುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಗಂಡಸಾಗಿ ಕಾಣಲು ಹೋಗಿ ಗಂಡಸುತನಕ್ಕೇ ಕೊಡಲಿ ಹಾಕಿಕೊಂಡವರನ್ನು ನನ್ನ ಎದುರಿನ ಕುರ್ಚಿಯಲ್ಲೇ ಕಂಡಿದ್ದೇನೆ.

ಸಿನಿಮಾದಲ್ಲಿ ಕಾಣುವ ಆ ಹೊಟ್ಟೆ ಶೂಟಿಂಗ್ ದಿನದ ಹೊಟ್ಟೆ. ತಿಂಗಳುಗಟ್ಟಲೆ ತರಬೇತುದಾರ, ಅಡುಗೆಯವರು. ಹಿಂದಿನ ದಿನಗಳಲ್ಲಿ ನೀರು, ಉಪ್ಪು ಕಡಿತ. ಶಾಟ್‌ಗೆ ಮುಂಚೆ ನಾಲ್ಕು ಸುತ್ತು ಕಸರತ್ತು. ಮೈಗೆ ಎಣ್ಣೆ, ಪಕ್ಕದಿಂದ ಬೆಳಕು. ಅದೇ ನಟ ಮುಂದಿನ ತಿಂಗಳು ಹಾಗೆ ಇರಲಾರರು. ಮೈಸೂರಿನ ಗರಡಿಮನೆಯ ಪೈಲ್ವಾನರನ್ನು ನೋಡಿದ್ದೀರಾ? ಹೊಟ್ಟೆಯ ಮೇಲೆ ಒಂದು ಗೆರೆಯೂ ಇರುವುದಿಲ್ಲ, ಹಿಡಿದರೆ ಬಿಡಿಸಿಕೊಳ್ಳಲಾಗದು. ಬಲ ಬೇರೆ, ಗೆರೆ ಬೇರೆ. ‘ಮಯೂರ’ನಾಗಿ ಕತ್ತಿ ಹಿಡಿದ ರಾಜ್‌ಕುಮಾರ್ ಅವರ ಹೊಟ್ಟೆಯ ಮೇಲೆ ಎಷ್ಟು ಪ್ಯಾಕ್ ಇದೆ ಎಂದು 1975ರಲ್ಲಿ ಎಣಿಸುತ್ತ ಕೂತವರಿರಲಿಲ್ಲ.

ಕಸರತ್ತು ಮಾಡುವವರಿಗೆ ಮೈತೂಕದ ಒಂದು ಕಿಲೋಗೆ ಹೆಚ್ಚೆಂದರೆ 1.6 ಗ್ರಾಂ ಪ್ರೋಟೀನ್ ಸಾಕು; ನಿಮಗೆ ಸುಮಾರು 90 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಹುರುಳಿಕಾಳಿನಲ್ಲಿ 20ಕ್ಕೂ ಹೆಚ್ಚು, ಅಷ್ಟೇ ಕಡಲೆಕಾಯಿ ಬೀಜದಲ್ಲಿ 25 ಗ್ರಾಂ. ಹಾಲು, ಬೇಳೆ, ಮೀನು ಅಥವಾ ಕೋಳಿ ಸೇರಿದರೆ ಲೆಕ್ಕ ಮುಗಿಯಿತು. ಪ್ರೋಟೀನ್ ಪುಡಿಯ ದೊಡ್ಡ ಡಬ್ಬಿ ಬೇಕಿಲ್ಲ. ಮೈ ಬೆಳೆದಿದ್ದರೂ ‘ನಾನು ಸಣಕಲ’ ಎನಿಸುತ್ತಿದ್ದರೆ, ಅಂಗಿ ಬಿಚ್ಚಲು ನಾಚಿಕೆಯಿಂದ ಗೆಳೆಯರನ್ನು ತಪ್ಪಿಸುತ್ತಿದ್ದರೆ ಮನೋವೈದ್ಯರೊಡನೆ ಮಾತಾಡಿ. ಮೊದಲ ಪತ್ರದ ಹುಡುಗಿಯ ಕಾಯಿಲೆಗೆ ಇದು ಅಣ್ಣನೋ ತಮ್ಮನೋ.

ಪ್ರಶ್ನೆ: ನನ್ನ ಮೂಗು ದೊಡ್ಡದು. ಕನ್ನಡಿಯಲ್ಲಿ ಅಷ್ಟು ಅನಿಸುವುದಿಲ್ಲ, ಸೆಲ್ಫಿಯಲ್ಲಿ ಅಸಹ್ಯ. ಫಿಲ್ಟರ್ ಹಾಕಿದರೆ ಚೆನ್ನಾಗಿ ಕಾಣುತ್ತೇನೆ. ಆ ಫಿಲ್ಟರ್ ಫೋಟೊದಂತೆ ಆಪರೇಷನ್ ಮಾಡಿಸಬಹುದೇ? ವಯಸ್ಸು 22.
– ಬೆಂಗಳೂರು

ಉತ್ತರ: ಮೊದಲು ಒಂದು ಪ್ರಯೋಗ ಮಾಡಿ. ಒಂದು ಅಡಿ ದೂರದಿಂದ ಸೆಲ್ಫಿ ತೆಗೆಯಿರಿ. ಆಮೇಲೆ ಗೆಳತಿಯನ್ನು ಐದು ಅಡಿ ದೂರ ನಿಲ್ಲಿಸಿ, ಜೂಮ್ ಮಾಡಿ ತೆಗೆಯಲು ಹೇಳಿ. ಎರಡನ್ನೂ ಪಕ್ಕಪಕ್ಕ ಇಡಿ. ಹತ್ತಿರದ ವಸ್ತು ಕ್ಯಾಮೆರಾಕ್ಕೆ ದೊಡ್ಡದಾಗಿ ಕಾಣುತ್ತದೆ, ಮುಖದಲ್ಲಿ ಅದಕ್ಕೆ ಅತಿ ಹತ್ತಿರ ಇರುವುದು ಮೂಗು. ಒಂದಡಿ ದೂರದ ಸೆಲ್ಫಿಯಲ್ಲಿ ಮೂಗಿನ ಬುಡ ಐದಡಿಯ ಫೋಟೊಗಿಂತ ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆಂದು 2018ರಲ್ಲಿ ಅಮೆರಿಕದ ಶಸ್ತ್ರವೈದ್ಯರು ಲೆಕ್ಕಹಾಕಿ ತೋರಿಸಿದರು. ನೀವು ಕೊಯ್ಯಿಸಬೇಕೆಂದಿರುವುದು ಲೆನ್ಸಿನ ಮೂಗು.

ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಅದೇ ಚಿಂತೆ, ಪದೇ ಪದೇ ಕನ್ನಡಿ, ಕಾಲೇಜಿಗೆ ಹೋಗಲು ಹಿಂಜರಿಕೆ – ಇವಿದ್ದರೆ ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಎಂಬ ಮಾನಸಿಕ ಕಾಯಿಲೆ ಇರಬಹುದು. ಅದಕ್ಕೆ ಮಾತಿನ ಚಿಕಿತ್ಸೆ, ಮಾತ್ರೆ ಎರಡೂ ಇವೆ, ಗುಣವೂ ಕಾಣುತ್ತದೆ. ಕತ್ತರಿಯಿಂದ ಗುಣ ಕಾಣುವುದು ಅಪರೂಪ. ಮೂಗು ಸರಿಹೋದರೆ ಚಿಂತೆ ಗಲ್ಲಕ್ಕೆ ಜಾರುತ್ತದೆ. ಇವು ಯಾವುವೂ ಇಲ್ಲದೆ ಆಪರೇಷನ್ ಬೇಕೆನಿಸಿದರೂ ಆರು ತಿಂಗಳು ಕಾಯಿರಿ. ಅರ್ಹ ಪ್ಲಾಸ್ಟಿಕ್ ಸರ್ಜನ್, ತುರ್ತು ನಿಗಾ ಘಟಕವಿರುವ ಆಸ್ಪತ್ರೆ ಎರಡನ್ನೂ ಖಚಿತಪಡಿಸಿಕೊಳ್ಳಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ಮನೆಗೆ ಮರಳಲಿಲ್ಲ. ಚೆಂದಕ್ಕಾಗಿ ಮಾಡಿಸಿದರೂ ಆಪರೇಷನ್ ಆಪರೇಷನ್ನೇ.

ಪ್ರಶ್ನೆ: 17 ವರ್ಷದ ಮಗ 5 ಅಡಿ 4 ಅಂಗುಲ. ಎತ್ತರ ಹೆಚ್ಚಿಸುವ ಪುಡಿಯ ಜಾಹೀರಾತು ನೋಡಿ ಹಟ ಹಿಡಿದಿದ್ದಾನೆ. ಕೊಡಿಸಲೇ?
– ತಂದೆ, ತುಮಕೂರು

ಉತ್ತರ: ಕೊಡಿಸಬೇಡಿ. ಉದ್ದ ಮೂಳೆಗಳ ತುದಿಯ ಬೆಳವಣಿಗೆಯ ಪಟ್ಟಿ ಮುಚ್ಚಿದ ಮೇಲೆ ಯಾವ ಪುಡಿಯೂ ಅರ್ಧ ಅಂಗುಲ ಏರಿಸದು. ಅದು ಮುಚ್ಚಿದೆಯೇ ಎಂಬುದು ಮಣಿಕಟ್ಟಿನ ಎಕ್ಸ್-ರೇಯಲ್ಲಿ ತಿಳಿಯುತ್ತದೆ. ನೀವು, ನಿಮ್ಮ ಪತ್ನಿ ಎಷ್ಟು ಎತ್ತರ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಔಷಧದಿಂದ ಎತ್ತರ ಬದಲಿಸುತ್ತೇವೆ, ಬೊಜ್ಜು ಕರಗಿಸುತ್ತೇವೆ ಎಂಬ ಜಾಹೀರಾತನ್ನು ನಮ್ಮ ದೇಶದ 1954ರ ಕಾನೂನು ನಿಷೇಧಿಸಿದೆ. ಮಗನಿಗೆ ಆ ವರ್ಷವನ್ನು ಹೇಳಿ: ಅವನ ಅಜ್ಜನ ಕಾಲದಿಂದಲೂ ಇದೇ ಪುಡಿ ಮಾರುತ್ತಿದ್ದಾರೆ.

ಪ್ರಶ್ನೆ: ದೇಹ ಹೇಗಿದ್ದರೂ ಒಪ್ಪಿಕೊಳ್ಳಿ ಎಂದು ನೀವೆಲ್ಲ ಬರೆಯುತ್ತೀರಿ. ನನಗೆ 46, ಸೊಂಟ 102 ಸೆಂ.ಮೀ., ತಂದೆಗೆ ಸಕ್ಕರೆ ಕಾಯಿಲೆ ಇತ್ತು. ನಾನೂ ಒಪ್ಪಿಕೊಂಡು ಸುಮ್ಮನಿರಲೇ?
– ಶಿಕ್ಷಕರು, ಶಿವಮೊಗ್ಗ

ಉತ್ತರ: ಸುಮ್ಮನಿರಬೇಡಿ. ಮೈಯನ್ನು ಹಳಿಯಬೇಡಿ ಎಂದೆನೇ ಹೊರತು ಅಳೆಯಬೇಡಿ ಎನ್ನಲಿಲ್ಲ. ಭಾರತೀಯರಲ್ಲಿ ಗಂಡಸರ ಸೊಂಟ 90 ಸೆಂ.ಮೀ., ಹೆಂಗಸರದು 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದ್ರೋಗದ ಅಪಾಯ ಏರುತ್ತದೆ. ಟೇಪನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಹಿಡಿದು, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ನಿಮಗೇ. ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್ ನೋಡಿಸಿ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರು ತೂಕದ ಶೇ 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ನಡೆದರೆ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಇಳಿದದ್ದು ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಕಂಡಿದೆ. ಗಮನಿಸಿ, ಶೇ 7 ಮಾತ್ರ. ಅಷ್ಟಕ್ಕೆ ಯಾರೂ ಜಾಹೀರಾತಿನ ‘ಆಮೇಲೆ’ ಫೋಟೊದಂತೆ ಕಾಣುವುದಿಲ್ಲ, ಆದರೆ ರಕ್ತಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ. ಅನ್ನ ಅಥವಾ ಮುದ್ದೆಯ ಪ್ರಮಾಣ ಅರ್ಧ ಮಾಡಿ, ಪಲ್ಯ, ಕಾಳು ಹೆಚ್ಚಿಸಿ. ಟೀಚರ್ಸ್ ರೂಮಿನ ಸಿಹಿ ಚಹಾ ಎಷ್ಟಾಗುತ್ತದೆಂದು ಎಣಿಸಿ. ಶಾಲೆಗೆ ನಡೆದೇ ಹೋಗಿ.

ಮೂರು ತಿಂಗಳ ನಂತರ ಟೇಪಿನ ಲೆಕ್ಕ ಬರೆದು ಕಳಿಸಿ. ಫೋಟೊ ಬೇಡ.