ಮೈಕ್ ಪೋರ್ಟ್ನಾಯ್: ಅಭಿಮಾನಿಗಳು ಮೆಚ್ಚಿದ ಡ್ರಮ್ಮರ್, ಡ್ರಮ್ಮರ್ ಮೆಚ್ಚಿದ ಗುರುಗಳು – ಮುಖ್ಯಾಂಶಗಳು

ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗೆ ಕೂರುವವರಿಗೂ ಕ್ವಿಜ್‌ಗೆ ತಯಾರಾಗುವವರಿಗೂ ಪ್ರೊಗ್ರೆಸಿವ್ ಮೆಟಲ್ ಪ್ರಕಾರದಲ್ಲಿ ಒಬ್ಬ ಡ್ರಮ್ಮರ್ ಬಗ್ಗೆ ಮಾತ್ರ ಓದಲು ಸಮಯವಿದ್ದರೆ ಮೈಕ್ ಪೋರ್ಟ್ನಾಯ್ ಅವರನ್ನು ಆರಿಸಿಕೊಳ್ಳಿ. ಇಸವಿಗಳೂ ಹೆಸರುಗಳೂ ಬಹಳ ಇವೆ. ಅವನ್ನೆಲ್ಲ ಪೋಣಿಸುವ ಎಳೆ ಒಂದೇ: ಪೋರ್ಟ್ನಾಯ್ ದೊಡ್ಡ ವಾದಕರಾದ ಮೇಲೂ ಅಭಿಮಾನಿಯಾಗಿಯೇ ಉಳಿದರು. ಯಾರಿಂದ ಏನು ಕಲಿತೆ ಎಂಬುದನ್ನು ಅವರು ಎಂದೂ ಮುಚ್ಚಿಡಲಿಲ್ಲ, ವೇದಿಕೆಯ ಮೇಲೆಯೇ ನುಡಿಸಿ ತೋರಿಸಿದರು. ಕೇಳುಗರು ಅವರನ್ನು ಇಷ್ಟು ಹಚ್ಚಿಕೊಂಡದ್ದಕ್ಕೆ ಅದೇ ಕಾರಣವೆಂದು ನಾನು ನಂಬುತ್ತೇನೆ.

ಪರಿಚಯ

• ಜನನ 1967ರ ಏಪ್ರಿಲ್ 20, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಂಗ್ ಬೀಚ್‌ನಲ್ಲಿ.

• ತಂದೆ ಹೋವರ್ಡ್ ಪೋರ್ಟ್ನಾಯ್ ರೇಡಿಯೊದಲ್ಲಿ ಡಿಸ್ಕ್ ಜಾಕಿ. ಹಾಗಾಗಿ ಬೀಟಲ್ಸ್ ಮತ್ತಿತರ ರಾಕ್ ತಂಡಗಳ ಹಾಡು ಮಗನ ಕಿವಿಗೆ ಬಾಲ್ಯದಲ್ಲೇ ಬಿತ್ತು.

• ಡ್ರಮ್ಸ್ ಕಲಿತದ್ದು ಹೆಚ್ಚಾಗಿ ಸ್ವಂತ ಸಾಧನೆಯಿಂದ. ಬಳಿಕ ವಿದ್ಯಾರ್ಥಿವೇತನ ಪಡೆದು ಬಾಸ್ಟನ್‌ನ ಬರ್ಕ್ಲೀ ಸಂಗೀತ ಕಾಲೇಜು ಸೇರಿದರು. 1985ರಲ್ಲಿ ಅಲ್ಲಿ ಗಿಟಾರ್ ವಾದಕ ಜಾನ್ ಪೆಟ್ರೂಚಿ ಮತ್ತು ಬಾಸ್ ವಾದಕ ಜಾನ್ ಮ್ಯುಂಗ್ ಅವರೊಡನೆ ತಂಡ ಕಟ್ಟಿದರು.

• ತಂಡದ ಮೊದಲ ಹೆಸರು ‘ಮೆಜೆಸ್ಟಿ’. ಮೂವರೂ ಕೆನಡಾದ ರಶ್ ತಂಡದ ಕಛೇರಿಯ ಟಿಕೆಟ್‌ಗಾಗಿ ಸಾಲಿನಲ್ಲಿ ನಿಂತು ಅದೇ ತಂಡದ ‘ಬಾಸ್ಟೀಲ್ ಡೇ’ ಹಾಡು ಕೇಳುತ್ತಿದ್ದರು. ಹಾಡಿನ ಕೊನೆಯ ಭಾಗದ ಗಾಂಭೀರ್ಯವನ್ನು ಪೋರ್ಟ್ನಾಯ್ ಹೊಗಳಿದ ಮಾತಿನಿಂದಲೇ ಆ ಹೆಸರು ಹುಟ್ಟಿತು. ಮುಂದೆ ಲಕ್ಷಾಂತರ ಅಭಿಮಾನಿಗಳನ್ನು ಗಳಿಸಿದ ತಂಡಕ್ಕೆ ನಾಮಕರಣವಾದದ್ದು ಅಭಿಮಾನಿಗಳ ಸಾಲಿನಲ್ಲಿ. ಇದನ್ನು ಮರೆಯಬೇಡಿ.

• ಅದೇ ಹೆಸರಿನ ಇನ್ನೊಂದು ತಂಡದಿಂದ ಕಾನೂನಿನ ತಕರಾರು ಬಂದಾಗ ‘ಡ್ರೀಮ್ ಥಿಯೇಟರ್’ ಎಂಬ ಹೆಸರನ್ನು ಸೂಚಿಸಿದವರು ಪೋರ್ಟ್ನಾಯ್ ಅವರ ತಂದೆ. ಅದು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಒಂದು ಚಿತ್ರಮಂದಿರದ ಹೆಸರು.

• ಮೊದಲ ಆಲ್ಬಂ 1989ರಲ್ಲಿ. ಜನಪ್ರಿಯತೆ ತಂದದ್ದು 1992ರ ‘ಇಮೇಜಸ್ ಅಂಡ್ ವರ್ಡ್ಸ್’. ಅದರ ‘ಪುಲ್ ಮೀ ಅಂಡರ್’ ಎಂಟು ನಿಮಿಷ ಮೀರಿದ ಹಾಡಾಗಿದ್ದರೂ ರೇಡಿಯೊದಲ್ಲೂ ಎಂಟಿವಿಯಲ್ಲೂ ಗೆದ್ದಿತು.

ಗುರುಗಳು: ಯಾರಿಂದ ಏನು?

ಪರೀಕ್ಷೆಯ ದೃಷ್ಟಿಯಿಂದ ಅತಿ ಮುಖ್ಯವಾದ ಭಾಗ ಇದು. ಹೆಸರುಗಳ ಪಟ್ಟಿ ಬರೆದು ಮುಗಿಸಿದರೆ ಅರ್ಧ ಅಂಕ. ಒಬ್ಬೊಬ್ಬರಿಂದ ಏನು ಬಂತು ಎಂದು ಬರೆದರೆ ಪೂರ್ಣ ಅಂಕ.

ನೀಲ್ ಪಿಯರ್ಟ್ (1952–2020), ರಶ್. ಪೋರ್ಟ್ನಾಯ್ ಅವರ ಮೇಲಿನ ಪ್ರಭಾವಗಳಲ್ಲಿ ಮೊದಲ ಸಾಲಿನ ಹೆಸರು. ಪಿಯರ್ಟ್ ತಮ್ಮ ಡ್ರಮ್ ಭಾಗಗಳನ್ನು ಮೊದಲೇ ರಚಿಸಿ, ಪ್ರತಿ ಕಛೇರಿಯಲ್ಲೂ ಬಹುಮಟ್ಟಿಗೆ ಹಾಗೆಯೇ ನುಡಿಸುತ್ತಿದ್ದರು. ಆದ್ದರಿಂದ ಕೇಳುಗರಿಗೆ ರಾಗದ ಜತೆ ಡ್ರಮ್ಸ್ ಕೂಡ ಬಾಯಿಪಾಠವಾಗಿ, ಸಭೆಯಲ್ಲಿ ಸಾವಿರಾರು ಕೈಗಳು ಗಾಳಿಯಲ್ಲೇ ಅದನ್ನು ನುಡಿಸುತ್ತಿದ್ದವು. ಪೋರ್ಟ್ನಾಯ್ ಕಲಿತ ದೊಡ್ಡ ಪಾಠ ಇದು: ಡ್ರಮ್ಸ್ ಹಾಡಿನೊಳಗಿನ ಇನ್ನೊಂದು ಹಾಡಾಗಬೇಕು. ದೊಡ್ಡ ಡ್ರಮ್ ಸೆಟ್, ವಿಷಮ ಮಾತ್ರೆಗಳ ನಡೆ, ಡ್ರಮ್ಮರ್ ಆಗಿದ್ದೂ ಸಾಹಿತ್ಯ ಬರೆಯುವ ಅಭ್ಯಾಸ, ಈ ಮೂರೂ ಇಬ್ಬರಲ್ಲೂ ಇವೆ. ‘ಮಾಡರ್ನ್ ಡ್ರಮ್ಮರ್’ ಪತ್ರಿಕೆಯ ಹಾಲ್ ಆಫ್ ಫೇಮ್‌ಗೆ ಪಿಯರ್ಟ್ 1983ರಲ್ಲಿ ಸೇರಿದರು, ಪೋರ್ಟ್ನಾಯ್ 2004ರಲ್ಲಿ ತಮ್ಮ 37ನೇ ವಯಸ್ಸಿನಲ್ಲಿ. ಆಗ ಆ ಗೌರವ ಪಡೆದವರಲ್ಲಿ ಪೋರ್ಟ್ನಾಯ್‌ಗಿಂತ ಕಿರಿಯ ವಯಸ್ಸಿನಲ್ಲಿ ಅದನ್ನು ಪಡೆದಿದ್ದವರು ಪಿಯರ್ಟ್ ಒಬ್ಬರೇ.

ಕೀತ್ ಮೂನ್, ದ ಹೂ. ಡ್ರಮ್ಮರ್ ಹಿಂದೆ ಕೂತು ತಾಳ ಹಾಕುವವನಷ್ಟೇ ಅಲ್ಲ, ಗಾಯಕನಷ್ಟೇ ಕಣ್ಣಿಗೆ ಬೀಳುವವನು ಎಂದು ತೋರಿಸಿದವರು ಮೂನ್. ಪೋರ್ಟ್ನಾಯ್ ನುಡಿಸುತ್ತ ನುಡಿಸುತ್ತ ಎದ್ದು ನಿಲ್ಲುವುದು, ಕಡ್ಡಿ ಎಸೆದು ಹಿಡಿಯುವುದು, ಸಭಿಕರ ಕಣ್ಣಲ್ಲಿ ಕಣ್ಣಿಟ್ಟು ಕೈ ಎತ್ತಿಸುವುದು, ಎಲ್ಲದರಲ್ಲೂ ಮೂನ್ ಇದ್ದಾರೆ. ಇದನ್ನು ಬರೀ ಪ್ರದರ್ಶನ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತು ನಿಮಿಷದ ಜಟಿಲ ರಚನೆಯೊಳಗೆ ಕೇಳುಗ ದಾರಿ ತಪ್ಪದಂತೆ ಎಲ್ಲಿ ಸಮ, ಎಲ್ಲಿ ತಿರುವು ಎಂದು ಮೈಯಿಂದಲೇ ತೋರಿಸುವ ಕೆಲಸ ಅದು.

ಜಾನ್ ಬಾನಮ್, ಲೆಡ್ ಜೆಪೆಲಿನ್. ಇವರಿಂದ ಬಂದದ್ದು ತೂಕ: ಕಡಿಮೆ ಡ್ರಮ್ಮುಗಳು, ಭಾರವಾದ ಪೆಟ್ಟು, ಅವಸರವಿಲ್ಲದ ನಡೆ. ಮೂನ್ 1978ರಲ್ಲಿ, ಬಾನಮ್ 1980ರಲ್ಲಿ, ಇಬ್ಬರೂ ತಮ್ಮ 32ನೇ ವಯಸ್ಸಿನಲ್ಲೇ ತೀರಿಕೊಂಡರು.

ರಿಂಗೋ ಸ್ಟಾರ್, ಬೀಟಲ್ಸ್. ಹಾಡಿಗೆ ಬೇಕಾದಷ್ಟೇ ನುಡಿಸುವ ಸಂಯಮ. ಮೆಟಲ್ ಡ್ರಮ್ಮರ್ ಬಾಯಲ್ಲಿ ರಿಂಗೋ ಹೆಸರು ಕೇಳಿ ಅಚ್ಚರಿಪಡುವವರಿದ್ದಾರೆ. ಆದರೆ ಪೋರ್ಟ್ನಾಯ್ ಅವರ ಅತಿ ದೊಡ್ಡ ಪ್ರೀತಿ ಬೀಟಲ್ಸ್ ಮೇಲೆಯೇ.

ಫ್ರ್ಯಾಂಕ್ ಜಪ್ಪಾ ಅವರ ಡ್ರಮ್ಮರ್‌ಗಳು. ಟೆರಿ ಬೊಜಿಯೊ ಮತ್ತು ವಿನ್ನಿ ಕೊಲಾಯುಟಾ. ಬೊಜಿಯೊಗಾಗಿ ಜಪ್ಪಾ ಬರೆದ ‘ದ ಬ್ಲ್ಯಾಕ್ ಪೇಜ್’ ಡ್ರಮ್ಮರ್‌ಗಳಿಗೆ ಇಂದಿಗೂ ಒರೆಗಲ್ಲು. ಬರೆದ ಸ್ವರಲಿಪಿಯ ಕಷ್ಟಕ್ಕೆ ಹೆದರದ ಗುಣ ಪೋರ್ಟ್ನಾಯ್‌ಗೆ ಬಂದದ್ದು ಇಲ್ಲಿಂದ.

ಇವರ ಜತೆಗೆ ಮೆಟಾಲಿಕಾದ ಲಾರ್ಸ್ ಉಲ್ರಿಚ್. ರಶ್‌ನ ಕಟ್ಟೋಣಕ್ಕೆ ಮೆಟಾಲಿಕಾದ ಬಲ ಸೇರಿದ್ದರಿಂದಲೇ ಪ್ರೊಗ್ರೆಸಿವ್ ಮೆಟಲ್ ಎಂಬ ಪ್ರಕಾರಕ್ಕೆ ಈ ರೂಪ ಬಂತು.

ಪ್ರಭಾವವನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಕಾದರೆ ಅವರ ‘ಸೈಯಾಮೀಸ್ ಮಾನ್‌ಸ್ಟರ್’ ಎಂಬ ಡ್ರಮ್ ಸೆಟ್ ಉದಾಹರಣೆ ಕೊಡಿ. ಟಾಮಾ ಕಂಪನಿಯ ಎರಡು ಸೆಟ್‌ಗಳನ್ನು ಒಂದಕ್ಕೊಂದು ಅಂಟಿಸಿದಂಥ ರಚನೆ. ಒಂದು ಕಡೆ ಎರಡು ಬಾಸ್ ಡ್ರಮ್ಮುಗಳ ದೊಡ್ಡ ಸೆಟ್, ಇನ್ನೊಂದು ಕಡೆ ಬಾನಮ್ ಮಾದರಿಯ ಚಿಕ್ಕ ಸೆಟ್. ಒಂದೇ ಕಛೇರಿಯಲ್ಲಿ ಅತ್ತಿಂದಿತ್ತ ಜರುಗಿ ನುಡಿಸುತ್ತಿದ್ದರು.

ತಾಳದ ಲೆಕ್ಕ

ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಈ ಭಾಗ ಸುಲಭ. ರಾಕ್ ಸಂಗೀತದ ಬಹುಪಾಲು ಹಾಡುಗಳು ನಾಲ್ಕರ ಎಣಿಕೆಯಲ್ಲಿ ಸಾಗುತ್ತವೆ. ಪ್ರೊಗ್ರೆಸಿವ್ ತಂಡಗಳು ಐದು, ಏಳು, ಒಂಬತ್ತರ ಎಣಿಕೆಗೆ ಒಗ್ಗಿಕೊಂಡಿವೆ. ಮೂರು ಮತ್ತು ನಾಲ್ಕು ಸೇರಿದ ಏಳು ನಮಗೆ ಮಿಶ್ರಛಾಪು, ಎರಡು ಮತ್ತು ಮೂರು ಸೇರಿದ ಐದು ಖಂಡಛಾಪು. ರಶ್ ತಂಡದ ‘ಟಾಮ್ ಸಾಯರ್’ (1981) ಹಾಡಿನ ವಾದ್ಯಭಾಗದಲ್ಲಿ ಏಳರ ಎಣಿಕೆ ಇದೆ, ಕೈಯಲ್ಲಿ ಹಾಕಿ ನೋಡಿ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ನಮ್ಮಲ್ಲಿ ಒಂದು ಕೃತಿ ಸಾಮಾನ್ಯವಾಗಿ ಮೊದಲಿನಿಂದ ಕೊನೆವರೆಗೆ ಒಂದೇ ತಾಳದಲ್ಲಿ ಇರುತ್ತದೆ. ಡ್ರೀಮ್ ಥಿಯೇಟರ್ ಹಾಡೊಳಗೆ ಎಣಿಕೆಯೇ ಮತ್ತೆ ಮತ್ತೆ ಬದಲಾಗುತ್ತದೆ. 1999ರ ‘ಸೀನ್ಸ್ ಫ್ರಮ್ ಎ ಮೆಮೊರಿ’ ಆಲ್ಬಂನ ‘ದ ಡ್ಯಾನ್ಸ್ ಆಫ್ ಎಟರ್ನಿಟಿ’ ಎಂಬ ವಾದ್ಯರಚನೆ ಇದಕ್ಕೆ ಹೆಸರುವಾಸಿ. ಆರು ನಿಮಿಷದ ಆಸುಪಾಸಿನಲ್ಲಿ ಎಣಿಕೆ ನೂರಕ್ಕೂ ಹೆಚ್ಚು ಸಲ ಬದಲಾಗುತ್ತದೆಂದು ಅಭಿಮಾನಿಗಳೇ ಕೂತು ಲೆಕ್ಕ ಹಾಕಿದ್ದಾರೆ.

ಅಭಿಮಾನ ನಾದವಾದ ಬಗೆ

ಗೌರವ ಕಛೇರಿಗಳಿಗಾಗಿ ಪೋರ್ಟ್ನಾಯ್ ಕಟ್ಟಿದ ನಾಲ್ಕು ತಂಡಗಳು ಹೊಂದಿಸಿ ಬರೆಯುವ ಪ್ರಶ್ನೆಗೆ ಹೇಳಿ ಮಾಡಿಸಿದಂತಿವೆ:

• ಯೆಲ್ಲೊ ಮ್ಯಾಟರ್ ಕಸ್ಟರ್ಡ್ – ಬೀಟಲ್ಸ್
• ಹ್ಯಾಮರ್ ಆಫ್ ದ ಗಾಡ್ಸ್ – ಲೆಡ್ ಜೆಪೆಲಿನ್
• ಸಿಗ್ನಸ್ ಅಂಡ್ ದ ಸೀ ಮಾನ್‌ಸ್ಟರ್ಸ್ – ರಶ್
• ಅಮೇಜಿಂಗ್ ಜರ್ನಿ – ದ ಹೂ

ನಾಲ್ಕರಲ್ಲೂ ಗಿಟಾರ್ ನುಡಿಸಿದವರು ಪಾಲ್ ಗಿಲ್ಬರ್ಟ್. ಮೇಲಿನ ಗುರುಗಳ ಪಟ್ಟಿಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ರಿಂಗೋ, ಬಾನಮ್, ಪಿಯರ್ಟ್, ಮೂನ್ ನಾಲ್ವರಿಗೂ ಸಂದಾಯವಾದದ್ದು ಕಾಣುತ್ತದೆ.

ಡ್ರೀಮ್ ಥಿಯೇಟರ್ ತಂಡವೂ ಇಡೀ ಆಲ್ಬಂಗಳನ್ನೇ ವೇದಿಕೆಯಲ್ಲಿ ನುಡಿಸಿತು. 2002ರಲ್ಲಿ ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ ಮತ್ತು ಐರನ್ ಮೇಡನ್‌ನ ‘ದ ನಂಬರ್ ಆಫ್ ದ ಬೀಸ್ಟ್’, 2005ರಲ್ಲಿ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’, 2006ರಲ್ಲಿ ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’. ಕೊನೆಯದನ್ನು ನುಡಿಸಿದ್ದು ಜಪಾನಿನಲ್ಲಿಯೇ.

2005ರ ‘ಆಕ್ಟವೇರಿಯಂ’ ಹಾಡು ಸರಿಯಾಗಿ 24 ನಿಮಿಷ. ಅದರ ‘ಫುಲ್ ಸರ್ಕಲ್’ ಭಾಗದ ಸಾಹಿತ್ಯ ಪೋರ್ಟ್ನಾಯ್ ಅವರದು: ತಮಗೆ ಪ್ರಿಯವಾದ ಹಾಡು, ತಂಡ, ವ್ಯಕ್ತಿಗಳ ಹೆಸರುಗಳನ್ನು ಒಂದರ ಬಾಲಕ್ಕೆ ಇನ್ನೊಂದು ಕೊಂಡಿ ಹಾಕಿ ಅಂತ್ಯಾಕ್ಷರಿಯಂತೆ ಹೆಣೆದಿದ್ದಾರೆ.

ಕೇಳುಗರ ಜತೆಗಿನ ಲೆಕ್ಕಾಚಾರ

• ‘ಎ ಚೇಂಜ್ ಆಫ್ ಸೀಸನ್ಸ್’ 23 ನಿಮಿಷದ ಹಾಡು. ಸಾಹಿತ್ಯ ಪೋರ್ಟ್ನಾಯ್ ಅವರದು, ವಿಮಾನ ಅಪಘಾತದಲ್ಲಿ ತೀರಿಕೊಂಡ ತಾಯಿಯ ಅಗಲಿಕೆ ಅದರ ಹಿಂದಿದೆ. 1992ರ ಆಲ್ಬಂನಲ್ಲಿ ಸೇರಲಿಲ್ಲ. ಅಭಿಮಾನಿಗಳು ಸಹಿ ಸಂಗ್ರಹಿಸಿ ರೆಕಾರ್ಡ್ ಕಂಪನಿಗೆ ಮನವಿ ಕೊಟ್ಟರು, 1995ರಲ್ಲಿ ಹಾಡು ಬಿಡುಗಡೆಯಾಯಿತು. ಜತೆಗೆ ಇದ್ದದ್ದು ಲಂಡನ್‌ನ ರಾನಿ ಸ್ಕಾಟ್ಸ್ ಕ್ಲಬ್ಬಿನಲ್ಲಿ ಅಭಿಮಾನಿಗಳ ಮುಂದೆ ನುಡಿಸಿದ, ತಂಡಕ್ಕೆ ಪ್ರಿಯವಾದ ಬೇರೆಯವರ ಹಾಡುಗಳು. ಕೇಳುಗರ ಹಟ, ವಾದಕರ ಭಕ್ತಿ ಎರಡೂ ಒಂದೇ ತಟ್ಟೆಯಲ್ಲಿ ಸಿಗುವ ಇನ್ನೊಂದು ಕೃತಿ ನನಗೆ ಗೊತ್ತಿಲ್ಲ.

• ಯಾವ ಊರಿನಲ್ಲಿ ಯಾವ ಹಾಡು ನುಡಿಸಬೇಕೆಂಬ ಪಟ್ಟಿಯನ್ನು ಪೋರ್ಟ್ನಾಯ್ ತಾವೇ ಬರೆಯುತ್ತಿದ್ದರು. ಹಿಂದಿನ ಸಲ ಆ ಊರಿಗೆ ಬಂದಾಗ ಏನು ನುಡಿಸಿದ್ದೆವು ಎಂದು ತೆಗೆದು ನೋಡಿ ಬದಲಾಯಿಸುತ್ತಿದ್ದರು. ಟಿಕೆಟ್ ಕೊಂಡು ಮತ್ತೆ ಬಂದವನಿಗೆ ಹೊಸದು ಸಿಗಲಿ ಎಂಬ ಕಾಳಜಿ. ಟಿಕೆಟ್ ಸಾಲಿನಲ್ಲಿ ತಾವೂ ನಿಂತವರಿಗೆ ಮಾತ್ರ ಇದು ಹೊಳೆಯುತ್ತದೆ.

• 2003ರಲ್ಲಿ ಶುರುವಾದ ‘ಯಟ್ಸೆಜ್ಯಾಮ್ ರೆಕಾರ್ಡ್ಸ್’ ಮೂಲಕ ಹಳೆಯ ಕಛೇರಿ, ಅಭ್ಯಾಸ, ಡೆಮೊ ಧ್ವನಿಮುದ್ರಣಗಳನ್ನು ಅಭಿಮಾನಿಗಳಿಗೆ ಅಧಿಕೃತವಾಗಿ ಒದಗಿಸಿದರು.

• ‘ಮಾಡರ್ನ್ ಡ್ರಮ್ಮರ್’ ಓದುಗರ ಮತದಾನದಲ್ಲಿ ಅತ್ಯುತ್ತಮ ಪ್ರೊಗ್ರೆಸಿವ್ ಡ್ರಮ್ಮರ್ ಆಗಿ ಸತತ 12 ವರ್ಷ ಆಯ್ಕೆ.

ಶಿಷ್ಯನ ಜಾಗದಲ್ಲಿ ಗುರು

ಅವೆಂಜ್ಡ್ ಸೆವೆನ್‌ಫೋಲ್ಡ್ ತಂಡದ ಡ್ರಮ್ಮರ್ ಜೇಮ್ಸ್ ಸುಲಿವನ್, ಜನ ಕರೆಯುತ್ತಿದ್ದುದು ‘ದ ರೆವ್’ ಎಂದು. ಅವರಿಗೆ ಅಚ್ಚುಮೆಚ್ಚಿನ ಡ್ರಮ್ಮರ್ ಪೋರ್ಟ್ನಾಯ್. 2009ರ ಡಿಸೆಂಬರ್ 28ರಂದು ರೆವ್ ತೀರಿಕೊಂಡರು. ಅರ್ಧಕ್ಕೆ ನಿಂತ ಆಲ್ಬಂ ಮುಗಿಸಲು ಗೆಳೆಯರು ಕರೆದದ್ದು ಆತನ ಆರಾಧ್ಯ ವಾದಕನನ್ನೇ. ಪೋರ್ಟ್ನಾಯ್ ತಮ್ಮ ಶೈಲಿಯನ್ನು ಹೇರದೆ, ರೆವ್ ಡೆಮೊಗಳಲ್ಲಿ ಬಿಟ್ಟುಹೋದ ಕಲ್ಪನೆಗಳಿಗೆ ನಿಷ್ಠರಾಗಿ ನುಡಿಸಿದರು. 2010ರ ಜುಲೈನಲ್ಲಿ ಬಂದ ಆ ‘ನೈಟ್‌ಮೇರ್’ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅವರ ವೃತ್ತಿಜೀವನದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಕೆಲಸ ಇದು.

ಹನ್ನೆರಡು ಹೆಜ್ಜೆಗಳು

ಕುಡಿತದ ಚಟದಿಂದ ಹೊರಬಂದ ಪೋರ್ಟ್ನಾಯ್ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಸ್ಥೆಯ 12 ಹೆಜ್ಜೆಗಳನ್ನು ಐದು ಹಾಡುಗಳಲ್ಲಿ ಬರೆದರು. ಐದೂ ಡ್ರೀಮ್ ಥಿಯೇಟರ್‌ನ ಬೇರೆ ಬೇರೆ ಆಲ್ಬಂಗಳಲ್ಲಿವೆ, ಕ್ರಮ ತಪ್ಪದೆ ನೆನಪಿಡಿ: ‘ದ ಗ್ಲಾಸ್ ಪ್ರಿಸನ್’ (2002), ‘ದಿಸ್ ಡೈಯಿಂಗ್ ಸೋಲ್’ (2003), ‘ದ ರೂಟ್ ಆಫ್ ಆಲ್ ಈವಿಲ್’ (2005), ‘ರಿಪೆಂಟೆನ್ಸ್’ (2007), ‘ದ ಶ್ಯಾಟರ್ಡ್ ಫೋರ್ಟ್ರೆಸ್’ (2009). ‘ರಿಪೆಂಟೆನ್ಸ್’ನಲ್ಲಿ ಸ್ಟೀವ್ ವೈ, ಜೋ ಸಾಟ್ರಿಯಾನಿ, ಕೋರಿ ಟೇಲರ್ ಮುಂತಾದ ಸಂಗೀತಗಾರರು ತಮ್ಮ ತಮ್ಮ ತಪ್ಪಿಗೆ ಕ್ಷಮೆ ಕೇಳುವ ದನಿಗಳಿವೆ. ಮೆಟಲ್ ಎಂದರೆ ಅಬ್ಬರವಷ್ಟೇ ಎನ್ನುವವರಿಗೆ ಕೇಳಿಸಬೇಕಾದ ಹಾಡು.

ಬಿಟ್ಟದ್ದು, ಮರಳಿದ್ದು

• 2010ರ ಸೆಪ್ಟೆಂಬರ್: ಡ್ರೀಮ್ ಥಿಯೇಟರ್ ತಂಡಕ್ಕೆ ಸ್ವಲ್ಪ ಕಾಲ ಬಿಡುವು ಬೇಕೆಂದರು, ಉಳಿದವರು ಒಪ್ಪಲಿಲ್ಲ, ಪೋರ್ಟ್ನಾಯ್ ಹೊರನಡೆದರು.

• ಏಳು ಡ್ರಮ್ಮರ್‌ಗಳ ಪರೀಕ್ಷೆ ನಡೆಸಿ ಮೈಕ್ ಮ್ಯಾಂಜಿನಿ ಅವರನ್ನು ಆರಿಸಲಾಯಿತು. ಮ್ಯಾಂಜಿನಿ ವೇಗದ ದಾಖಲೆಗಳನ್ನು ಮಾಡಿದವರು. ಅವರ ಕಾಲದಲ್ಲೇ, 2022ರಲ್ಲಿ, ‘ದ ಏಲಿಯನ್’ ಹಾಡಿಗೆ ತಂಡದ ಮೊದಲ ಗ್ರ್ಯಾಮಿ ಬಂತು. ಇಷ್ಟಾದರೂ ಪೋರ್ಟ್ನಾಯ್ ಮರಳಲಿ ಎಂದು ಹಳೆಯ ಕೇಳುಗರು ಹದಿಮೂರು ವರ್ಷ ಹಾರೈಸಿದರು. ಮ್ಯಾಂಜಿನಿ ಅವರ ಯೋಗ್ಯತೆಗೆ ಇದರಿಂದ ಕುಂದಿಲ್ಲ.

• 2020ರಲ್ಲಿ ಪೆಟ್ರೂಚಿ ಅವರ ಸ್ವಂತ ಆಲ್ಬಂ ‘ಟರ್ಮಿನಲ್ ವೆಲಾಸಿಟಿ’ಗೆ ಡ್ರಮ್ಸ್ ನುಡಿಸಿದ್ದು ರಾಜಿಯ ಮೊದಲ ಗುರುತು. 2023ರ ಅಕ್ಟೋಬರ್ 25ರಂದು ಮರಳಿಕೆಯ ಘೋಷಣೆ. 2025ರ ಫೆಬ್ರವರಿ 7ರಂದು ತಂಡದ 16ನೇ ಆಲ್ಬಂ ‘ಪ್ಯಾರಾಸಾಮ್ನಿಯಾ’. ಈ 16 ಆಲ್ಬಂಗಳ ಪೈಕಿ ಪೋರ್ಟ್ನಾಯ್ ನುಡಿಸಿದ್ದು 11ರಲ್ಲಿ.

ಗೊಂದಲ ಬೇಡ

• ಪೋರ್ಟ್ನಾಯ್, ಮ್ಯಾಂಜಿನಿ ಇಬ್ಬರೂ ಮೈಕ್. ಗ್ರ್ಯಾಮಿ ಹಾಡಿನಲ್ಲಿ ನುಡಿಸಿದವರು ಮ್ಯಾಂಜಿನಿ.

• ತಬಲಾ ಕಲಿತ ಪ್ರೊಗ್ರೆಸಿವ್ ಮೆಟಲ್ ಡ್ರಮ್ಮರ್ ಯಾರೆಂದು ಕೇಳಿದರೆ ಉತ್ತರ ಟೂಲ್ ತಂಡದ ಡ್ಯಾನಿ ಕೇರಿ. ಅವರ ತಬಲಾ ಗುರು ಅಲೋಕ್ ದತ್ತಾ.

• ‘ಟ್ರಾನ್ಸ್‌ಅಟ್ಲಾಂಟಿಕ್’, ‘ದ ವೈನರಿ ಡಾಗ್ಸ್’, ‘ಲಿಕ್ವಿಡ್ ಟೆನ್ಶನ್ ಎಕ್ಸ್‌ಪೆರಿಮೆಂಟ್’ ಮೂರೂ ಪೋರ್ಟ್ನಾಯ್ ಇದ್ದ ತಂಡಗಳು. ಪೆಟ್ರೂಚಿ ಇರುವುದು ಕೊನೆಯದರಲ್ಲಿ ಮಾತ್ರ.

ಇಸವಿಗಳನ್ನು ಬಾಯಿಪಾಠ ಮಾಡಿ ನಿಲ್ಲಿಸಬೇಡಿ. ಮೊದಲು ರಶ್‌ನ ‘ಟಾಮ್ ಸಾಯರ್’ ಕೇಳಿ, ಆಮೇಲೆ ಬಾನಮ್ ಇರುವ ಯಾವುದಾದರೂ ಜೆಪೆಲಿನ್ ಆಲ್ಬಂ, ಅದಾದ ಮೇಲೆ ‘ಎ ಚೇಂಜ್ ಆಫ್ ಸೀಸನ್ಸ್’ನ 23 ನಿಮಿಷವನ್ನೂ ಒಂದೇ ಓಘದಲ್ಲಿ. ಈ ಕ್ರಮದಲ್ಲಿ ಕೇಳಿದವರಿಗೆ ಪ್ರಭಾವಗಳ ಪ್ರಶ್ನೆಗೆ ಈ ಟಿಪ್ಪಣಿ ಬೇಕಾಗುವುದಿಲ್ಲ.